ನಮ್ಮ ಬಾಕಿಯನ್ನೂ ಬರೆದುಕೊಳ್ಳಿ

ನಮ್ಮೂರಿನ ಅಜ್ಜಿಯೊಬ್ಬಳ ಸೆರಗಿನ ಗಂಟಿನಲ್ಲಿ ಸರ್ಕಾರದ ಕಾಗದವೊಂದಿದೆ. ಎಂಟು ತಿಂಗಳು ಎರಡೆರಡು ಪಿಂಚಣಿ ತೆಗೆದುಕೊಂಡಿದ್ದೀಯೆ, 6,400 ರೂಪಾಯಿ ವಾಪಸು ಕಟ್ಟು ಎಂಬುದು ಅದರ ತಾತ್ಪರ್ಯ. ಆಕೆಗೆ ಮೊದಲು ಬರುತ್ತಿದ್ದದ್ದು ವಿಧವಾ ವೇತನ, ತಿಂಗಳಿಗೆ 800. ಅರವತ್ತೈದು ತುಂಬಿದ ಮೇಲೆ ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಹಾಕಿದಳು, ಅದು 1,200. ಹೊಸದು ಶುರುವಾಯಿತು, ಹಳೆಯದನ್ನು ನಿಲ್ಲಿಸಲು ಕಚೇರಿ ಮರೆಯಿತು. ಮರೆತವರು ಅವರು, ಕಳ್ಳಿ ಇವಳು.

ಲೆಕ್ಕ ಅಂದಮೇಲೆ ಪೂರ್ತಿ ಮಾಡೋಣ. ಆಕೆಯ ಅರ್ಜಿ ಅದೇ ಕಚೇರಿಯಲ್ಲಿ ಹದಿನೆಂಟು ತಿಂಗಳು ಧೂಳು ತಿಂದಿತು. ಅಷ್ಟೂ ತಿಂಗಳು 1,200 ಸಿಗಬೇಕಾದವಳ ಕೈಗೆ ಬಂದದ್ದು 800. ತಿಂಗಳಿಗೆ 400ರಂತೆ 7,200 ಖೋತಾ. ಅವಳು ಕೊಡಬೇಕಾದ 6,400 ಕಳೆದರೆ ಸರ್ಕಾರವೇ ಅವಳಿಗೆ 800 ಬಾಕಿ. ಚೀಟಿಯಲ್ಲಿ ಬರೆದು ತೋರಿಸಿದೆ. ಕೇಸ್ ವರ್ಕರ್ ನಕ್ಕ: ‘ಅದು ಬೇರೆ ಸಾರ್, ಇದು ಬೇರೆ. ಮಂಜೂರಾದ ತಾರೀಖಿನಿಂದ ಮಾತ್ರ ಲೆಕ್ಕ.’

ನಮ್ಮೂರ ಅಂಗಡಿ ಸಾಹುಕಾರ ಧರ್ಮಾತ್ಮನೇನಲ್ಲ. ಅವನೂ ಬಾಕಿ ಕೇಳುವಾಗ, ಮೊನ್ನೆ ನಾವು ಹಾಕಿಬಂದ ಹುಣಸೆಹಣ್ಣಿನ ದುಡ್ಡನ್ನು ವಜಾ ಮಾಡಿಯೇ ಕೇಳುತ್ತಾನೆ. ಬಡ್ಡಿ ತಿನ್ನುವವನಿಗಿರುವಷ್ಟು ನ್ಯಾಯ ಕಲ್ಯಾಣ ರಾಜ್ಯಕ್ಕೆ ಬೇಡವೆ?

ಬೇಡ. ಕೂಲಿಯ ವಿಷಯದಲ್ಲೂ ನೋಡಿದ್ದೇವಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ, ಹಾಜರಿ ಪಟ್ಟಿ ಮುಚ್ಚಿ ಹದಿನೈದು ದಿನ ದಾಟಿದರೆ ದಿನಕ್ಕೆ ಶೇಕಡಾ 0.05 ಪರಿಹಾರ ಕೊಡಬೇಕಿತ್ತು. 2024–25ರಲ್ಲಿ ಕರ್ನಾಟಕದ ದಿನಗೂಲಿ 349. ಆರು ದಿನ ಮಣ್ಣು ಹೊತ್ತವಳ 2,094 ರೂಪಾಯಿ ತಡವಾದರೆ ಪರಿಹಾರ ದಿನಕ್ಕೆ ಒಂದು ರೂಪಾಯಿ ಐದು ಪೈಸೆ! ಅರ್ಧ ಲೋಟ ಟೀಗೂ ಆಗದ ಈ ಕಾಸಿನಲ್ಲೂ ದಿಲ್ಲಿ ತನ್ನ ಕಡೆಯಿಂದಾದ ವಿಳಂಬವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅದು ತಪ್ಪೆಂದು ಹೇಳಲು 2018ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ಬಾಕಿ ಬರಬೇಕಾದವರ ಸಂಕಟ ವಿಧಾನಸೌಧಕ್ಕೆ ಗೊತ್ತಿಲ್ಲವೆ? 2023ರ ಬರದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ರಾಜ್ಯ ದಿಲ್ಲಿಯನ್ನು ಕೇಳಿದ್ದು 18,171 ಕೋಟಿ. ನಮ್ಮ ಪಾಲು ಕೊಡಿ ಎಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಮಳೆಯಾಶ್ರಿತ ಹೆಕ್ಟೇರಿಗೆ 8,500ರಂತೆ ಆ ದುಡ್ಡು ರೈತರ ಖಾತೆಗೆ ಬಿತ್ತು. ಬಿದ್ದದ್ದೇ ತಡ, ಕೆಲವು ಬ್ಯಾಂಕುಗಳು ಹಳೇ ಸಾಲಕ್ಕೆ ಮುರಿದುಕೊಂಡವು. ಬರದ ದುಡ್ಡಿಗೆ ಕೈ ಹಾಕಬೇಡಿ ಎಂದು ಇದೇ ರಾಜ್ಯ ಸರ್ಕಾರ ಬ್ಯಾಂಕುಗಳನ್ನು ಗದರಿತು. ಗದರಿದ್ದು ಸರಿ. ಹಾಗಾದರೆ ಅಜ್ಜಿಯ ಗಂಜಿಯ ದುಡ್ಡನ್ನು ನೀವೇ ಮುರಿದುಕೊಳ್ಳುವಾಗ ಗದರುವವರು ಯಾರು?

ಸರ್ಕಾರಿ ನೌಕರರಿಗೆ ಹೆಚ್ಚು ಸಂಬಳ ಹೋದಾಗ ಏನಾಗುತ್ತದೆ? ರಫೀಕ್ ಮಸೀಹ್ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಕೆಳದರ್ಜೆಯ ನೌಕರರಿಂದ, ನಿವೃತ್ತರಿಂದ ಆ ಹಣ ವಸೂಲು ಮಾಡಕೂಡದು. ಒಳ್ಳೆಯ ತೀರ್ಪು, ಆ ನೌಕರರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅವರಿಗೆ ಸಂಘವಿತ್ತು, ವಕೀಲರಿದ್ದರು. ಅಜ್ಜಿಗಿರುವುದು ಹೆಬ್ಬೆಟ್ಟು. ಬಯೋಮೆಟ್ರಿಕ್ ಯಂತ್ರ ಅದನ್ನೂ ದಿನ ಬಿಟ್ಟು ದಿನ ಒಪ್ಪುವುದಿಲ್ಲ.

ಈಗ ಅವಳ ಪಿಂಚಣಿ ಐದು ತಿಂಗಳು ಪೂರ್ತಿ ವಜಾ. ಆರನೆಯ ತಿಂಗಳಿಗೂ 400 ಕತ್ತರಿಸಿ ಉಳಿದದ್ದು ಕೊಡುತ್ತಾರಂತೆ. ಅಲ್ಲಿಯವರೆಗೆ ಏನು ತಿನ್ನಬೇಕು ಎಂಬ ಕಲಂ ಆ ಕಾಗದದಲ್ಲಿಲ್ಲ.

ಕಳೆದ ಸೋಮವಾರ ಇಬ್ಬರೂ ಅರ್ಜಿ ಹಿಡಿದು ಹೋದೆವು. ‘ಸರ್ಕಾರದಿಂದ ಬರಬೇಕಾದ ಬಾಕಿ: 800’ ಎಂದು ಬರೆದಿದ್ದೆ. ಸ್ವೀಕೃತಿ ಕೊಡಿ ಎಂದೆ. ಸೀಲು ಸಾಹೇಬರ ಡ್ರಾಯರಿನಲ್ಲಿದೆ, ನಾಳೆ ಬನ್ನಿ ಎಂದರು. ಹೊರಗೆ ಬಂದ ಅಜ್ಜಿ ಬಸ್ ಚಾರ್ಜು ಎಣಿಸುತ್ತ ಕೇಳಿದಳು: ‘ಇದನ್ನೂ ಆ ಚೀಟಿಗೆ ಸೇರಿಸ್ತೀಯೇನಪ್ಪಾ?’