ಪಹಣಿಯಲ್ಲಿಲ್ಲದ ಅಪ್ಪ



ಹಾನಗಲ್ಲಿನ ಭತ್ತದ ಗದ್ದೆ, ಶಿಗ್ಗಾಂವಿ–ಸವಣೂರಿನ ಎರಿಹೊಲ, ಹಿರೇಕೆರೂರಿನ ಹತ್ತಿ ಹೊಲ, ಎಲ್ಲಿ ಹೋದರೂ ನಮ್ಮಪ್ಪಂದಿರ ಬೆವರೈತಿ. ಪಹಣಿ ತೆಗೆದು ನೋಡಿದರೆ ಹೆಸರು ಬೇರೆಯವರದು.

ಹುಡುಗರಿದ್ದಾಗ ದನ ಕಾಯ್ದರು. ಪ್ರಾಯದಲ್ಲಿ ರಂಟೆ ಹೊಡೆದರು, ಕೂರಿಗೆ ಹಿಡಿದರು. ಮುಪ್ಪಿನಲ್ಲೂ ಕಣ ಕಾಯ್ದರು. ಮದುವೆಗೆ, ಜಡ್ಡಿಗೆ ತಂದ ಸಾಲ ಜೀತವಾಯಿತು. ಅವ್ವ ಕಳೆ ತೆಗೆದು ತಂದ ಜೋಳದಲ್ಲಿ ಮನೆ ನಡೀತು. ತಾವು ಹೆಬ್ಬೆಟ್ಟು ಒತ್ತಿದರೂ ನಮ್ಮ ಕೈಗೆ ಪಾಟಿ ಕೊಟ್ಟರು.

1974ರ ಭೂಸುಧಾರಣೆ ಬಂತು. 'ಉಳುವವನೇ ಹೊಲದೊಡೆಯ' ಅಂದರು. ಗೇಣಿದಾರರಿಗೆ ಒಳ್ಳೇದಾಯಿತು, ಅದನ್ನು ನಾವು ಅಲ್ಲಗಳೆಯೋದಿಲ್ಲ. ಆದರೆ 7ನೇ ನಮೂನೆಯ ಅರ್ಜಿ ಗೇಣಿದಾರರಿಗೆ ಮಾತ್ರ. ಕೂಲಿಗೆ, ಜೀತಕ್ಕೆ ಉತ್ತವನು ಆ ಲೆಕ್ಕದಲ್ಲಿ ಉಳುವವನೇ ಅಲ್ಲ! 1976ರ ಜೀತ ನಿರ್ಮೂಲನಾ ಕಾಯ್ದೆ ಸಾಲ ಅಳಿಸಿತು, ಹೊಲ ಕೊಡಲಿಲ್ಲ.

'ನಿಮ್ಮಪ್ಪ ನಂಬಿಗಸ್ತ ಆಳು' ಎಂದು ಧಣಿಗಳು ಈಗಲೂ ಹೊಗಳತಾರ. ಆ ಹೊಗಳಿಕೆಯಿಂದ ಒಂದು ಗುಂಟೆಯೂ ಬರಲಿಲ್ಲ.

ಸರಕಾರ ಮಂಜೂರು ಮಾಡಿದ ತುಂಡು ಹೊಲವನ್ನೂ ಕಳಕೊಂಡ ಮನೆಗಳು ನಮ್ಮ ಕೇರಿಗಳಲ್ಲಿವೆ. ಅದನ್ನು ಮರಳಿ ಕೊಡಿಸಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ತಡವಾಯಿತೆಂದು ಅರ್ಜಿ ತಳ್ಳಬಾರದೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ.

ಆದ್ದರಿಂದ ಅಪ್ಪನ ಫೋಟೋಕ್ಕೆ ಹಾರ ಹಾಕೋದರ ಜೊತೆಗೆ ಟ್ರಂಕಿನ ತಳದ ಕಾಗದವನ್ನೂ ತೆಗೀರಿ. ತಹಶೀಲ್ದಾರ ಕಚೇರಿಯಲ್ಲಿ ಹಳೇ ಪಹಣಿ ಕೇಳ್ರಿ. ಮಂಜೂರಾತಿ ಸಿಕ್ಕರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡ್ರಿ. ಕಾಗದವೇ ಇಲ್ಲದವರು ಬದುಕಿರುವ ಹಿರಿಯರನ್ನು ಕೂಡ್ರಿಸಿ, ಯಾರ ಹೊಲ, ಎಷ್ಟು ವರ್ಷ, ಏನು ಕೂಲಿ ಎಂದು ಬರೆದಿಡ್ರಿ. ಅವರು ಹೋದ ಮೇಲೆ ಹೇಳುವವರಿಲ್ಲ.