ಮಗುವಿನ ಪ್ರಶ್ನೆಗೂ ಶುಲ್ಕವೇ?

ಶಾಲಾ ದಾಖಲಾತಿಯ ಕಾಲ ಬಂತೆಂದರೆ ಪಟ್ಟಣಗಳ ಖಾಸಗಿ ಶಿಶುವಿಹಾರಗಳ ಫಲಕಗಳಲ್ಲಿ ಈಗ ಹೊಸದೊಂದು ಪದ ರಾರಾಜಿಸುತ್ತದೆ: ‘ಸ್ಟೀಮ್’. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಕಲೆ ಮತ್ತು ಗಣಿತ ಎಂಬ ಐದು ವಿಷಯಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿದ ಪದವಿದು. ನಾಲ್ಕು ವರ್ಷದ ಮಗುವಿಗೆ ಎಂಜಿನಿಯರಿಂಗ್ ಕಲಿಸುತ್ತಾರೆಂದು ಬೆರಗಾಗುವ ಹೆತ್ತವರು ಸಾಲ ಮಾಡಿಯಾದರೂ ಶುಲ್ಕ ತೆರಲು ಮುಂದಾಗುತ್ತಾರೆ. ಅದಕ್ಕೆ ಮುನ್ನ, ಈ ಕಲಿಕೆಯೆಂದರೆ ಏನೆಂದು ನಾವು ಅರಿತುಕೊಳ್ಳಬೇಡವೇ?

ಹೆಸರು ಹೊಸತಾದರೂ ವಿಚಾರ ಹಳೆಯದು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಅವರು ಮಕ್ಕಳ ಕೈಗಿತ್ತದ್ದು ಪುಸ್ತಕವನ್ನಲ್ಲ. ಉಣ್ಣೆಯ ಚೆಂಡು, ಮರದ ಗೋಲ, ಎಂಟು ತುಂಡುಗಳಾಗಿ ಬಿಡಿಸಬಹುದಾದ ಮರದ ಘನ ಮುಂತಾದವುಗಳನ್ನು. ಆ ತುಂಡುಗಳನ್ನು ಎಣಿಸಿದರೆ ಗಣಿತ, ಬೀಳದಂತೆ ಕಟ್ಟಿದರೆ ಎಂಜಿನಿಯರಿಂಗ್, ಚಂದಗಾಣುವಂತೆ ಜೋಡಿಸಿದರೆ ಕಲೆ.

ಇದಕ್ಕೆ ದುಬಾರಿ ಸಲಕರಣೆಗಳೇ ಬೇಕೆಂದಿಲ್ಲ. ಬಕೆಟ್ ನೀರಿನಲ್ಲಿ ಸ್ಟೀಲ್ ಚಮಚ ಮುಳುಗುತ್ತದೆ. ಅದಕ್ಕಿಂತ ಭಾರವಾದ ಸ್ಟೀಲ್ ಬಟ್ಟಲು ತೇಲುತ್ತದೆ. ಏಕೆಂದು ಮಗು ಕೇಳಿದಾಗ ‘ಸುಮ್ಮನಿರು’ ಎಂದು ಗದರದೆ ಪಕ್ಕದಲ್ಲಿ ಕುಳಿತು, ಎಷ್ಟು ಕಲ್ಲು ಹಾಕಿದರೆ ಬಟ್ಟಲು ಮುಳುಗುತ್ತದೆಂದು ಒಂದೊಂದೇ ಎಣಿಸಿ ಹಾಕಿಸಿದರೆ ಅದುವೇ ಪ್ರಯೋಗ. ಅಕ್ಕನ ಅಂಗೈಯ ಮದರಂಗಿಯಲ್ಲಿ ಎಲೆ, ಚುಕ್ಕಿ, ಮತ್ತೆ ಎಲೆ ಬರುವುದನ್ನು ಗುರುತಿಸುವ ಮಗು ಗಣಿತವನ್ನೇ ಕಲಿಯುತ್ತಿದೆ.

ಆದರೆ ಮಗು ಇನ್ನೂ ಎಬಿಸಿಡಿ ಬರೆಯುವುದಿಲ್ಲವೆಂದು ಅಧ್ಯಾಪಕಿಯನ್ನು ತರಾಟೆಗೆ ತೆಗೆದುಕೊಳ್ಳುವವರು ನಾವೇ. ಪೆನ್ಸಿಲ್ ಹಿಡಿಯುವಷ್ಟು ಬೆರಳು ಬಲಿಯದ ಮಗುವಿಗೆ ಹೋಮ್‌ವರ್ಕ್ ಕೊಡಿಸುವವರೂ ನಾವೇ. ಮೂರರಿಂದ ಆರು ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕ ಬೇಡ, ಆಟವೇ ಕಲಿಕೆಯ ದಾರಿಯಾಗಲಿ ಎಂದು 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಕೇಂದ್ರದ ಶಿಕ್ಷಣ ನೀತಿಯ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಈ ಮಾತಿನಲ್ಲಿ ಹುರುಳಿದೆ.

ಇನ್ನು ನಮ್ಮ ಬೀದಿಯ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಪೌಷ್ಟಿಕ ಆಹಾರದಂತೆ ಶಾಲಾಪೂರ್ವ ಶಿಕ್ಷಣವೂ ಒಂದು ಸೇವೆ. ಆದರೆ ನಾವದನ್ನು ಮೊಟ್ಟೆ ವಿತರಿಸುವ ಕೇಂದ್ರವೆಂದಷ್ಟೇ ತಿಳಿದಿದ್ದೇವೆ. ಸರಕಾರವೂ ಕಾರ್ಯಕರ್ತೆಯ ಹೆಗಲಿಗೆ ಸಮೀಕ್ಷೆಯಿಂದ ಹಿಡಿದು ಮತದಾರರ ಪಟ್ಟಿಯ ತನಕ ಎಲ್ಲವನ್ನೂ ಹೇರುತ್ತಿದೆ. ಹೀಗಿರುವಾಗ ಆಕೆ ಮಕ್ಕಳ ಜೊತೆ ಕುಳಿತು ಆಡಿಸುವುದು ಯಾವಾಗ? ಕೊಠಡಿ, ಆಟಿಕೆ, ತರಬೇತಿ ಮತ್ತು ಬಿಡುವನ್ನು ಆಕೆಗೆ ಒದಗಿಸಬೇಕೆಂದು ನಾವು ವಾರ್ಡ್ ಸದಸ್ಯರಲ್ಲೂ ಶಾಸಕರಲ್ಲೂ ಎಂದಾದರೂ ಕೇಳಿದ್ದೇವೆಯೇ?

ಈ ಬಾರಿ ಮಗುವನ್ನು ಸೇರಿಸುವ ಮುನ್ನ ಹೆತ್ತವರು ತರಗತಿಯೊಳಗೆ ಸ್ವಲ್ಪ ಹೊತ್ತು ನಿಂತು ನೋಡಲಿ. ಮಕ್ಕಳು ಕಟ್ಟುತ್ತಿದ್ದಾರೆಯೇ, ಕೆಡವುತ್ತಿದ್ದಾರೆಯೇ, ಪ್ರಶ್ನೆ ಕೇಳುತ್ತಿದ್ದಾರೆಯೇ? ಅಥವಾ ಕೈಕಟ್ಟಿ ಕುಳಿತಿದ್ದಾರೆಯೇ? ಕೈಕಟ್ಟಿ ಕುಳಿತಿದ್ದರೆ, ಫಲಕದಲ್ಲಿ ಏನೇ ಬರೆದಿರಲಿ, ಆ ಶುಲ್ಕ ದಂಡ.