ಹೊರಗುಳಿಯುವ ಸಾಲುಗಳು

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಸಂಗ್ರಹಿಸಿ ತರುವ ಪದಪಟ್ಟಿಗಳು ಇನ್ನು ಟಿಪ್ಪಣಿ ಪುಸ್ತಕಗಳಲ್ಲಿಯೇ ಉಳಿಯಲಾರವು. ಅವು ಕ್ಲೌಡ್ ಡೇಟಾಬೇಸನ್ನು ಸೇರುವ ಕಾಲ ಬಂದಿದೆ. ಅದು ಗಣಕವಿಜ್ಞಾನದವರ ಕೆಲಸ, ನಮಗೇಕೆ ಎಂಬ ಮಾತನ್ನು ನಾನು ಒಪ್ಪಲಾರೆ. ಯಾವ ಸಾಲು ಉಳಿಯಬೇಕು, ಯಾವುದು ಬಿದ್ದುಹೋಗಬೇಕು ಎಂಬುದು ತೀರ್ಮಾನವಾಗುವುದೇ ಆ ಹಂತದಲ್ಲಿ. ಅದು ಗ್ರಂಥಸಂಪಾದನೆಯಷ್ಟೇ ನಮ್ಮ ಕೆಲಸ.

ಪಟ್ಟಿಯ ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ರೂಢಿಯುಂಟು. ಆದರೆ ಗಾದೆಗಳಲ್ಲಿ ಅಲ್ಪವಿರಾಮ ಸಹಜವಾಗಿಯೇ ಬರುವುದರಿಂದ ಒಂದು ಗಾದೆ ಎರಡು ಅಂಕಣಗಳಾಗಿ ಒಡೆಯುವ ಭಯವಿದೆ. ಮಾತಿನ ವಾಕ್ಯದ ನಡುವೆ ಟ್ಯಾಬ್ ಬರುವುದಿಲ್ಲ. ಆದ್ದರಿಂದ ನಮ್ಮ ಸಾಮಗ್ರಿಗೆ ಟ್ಯಾಬ್‌ನಿಂದ ಬೇರ್ಪಡಿಸಿದ ಕಡತವೇ ಸೂಕ್ತ. ಅದು ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿರಬೇಕು. ಆಗ ನಾವಾಡುವ 'ತಾಟು', ಮರಾಠಿಯವರ 'ತಾಟ' ಎರಡೂ ಅಕ್ಕಪಕ್ಕದ ಅಂಕಣಗಳಲ್ಲಿ ತಮ್ಮ ತಮ್ಮ ಲಿಪಿಯಲ್ಲಿಯೇ ನಿಲ್ಲಬಲ್ಲವು. ಎರಡೂ ಭಾಷೆಗಳಲ್ಲಿ ಓದಿ ಬೆಳೆದ ನನ್ನಂಥವರಿಗೆ ಇದು ಸಣ್ಣ ಸೌಲಭ್ಯವಲ್ಲ.

ಗೂಗಲ್‌ನ ಬಿಗ್‌ಕ್ವೆರಿಯನ್ನು ಉದಾಹರಣೆಗೆ ನೋಡೋಣ. ಕಡತವನ್ನು ತುಂಬುವಾಗ ಬೇರ್ಪಡಿಸುವ ಚಿಹ್ನೆ ಟ್ಯಾಬ್ ಎಂದು ಅಲ್ಲಿ ತಿಳಿಸಬೇಕು. ದೋಷವಿರುವ ಎಷ್ಟು ಸಾಲುಗಳನ್ನು ಸಹಿಸಬಹುದೆಂದು ಸೂಚಿಸುವ ಆಯ್ಕೆಯೂ ಉಂಟು. ನಾವೇನೂ ಹೇಳದಿದ್ದರೆ ಅದು ಸೊನ್ನೆ. ಒಂದು ಸಾಲು ಕೆಟ್ಟರೂ ತುಂಬುವ ಕೆಲಸವೇ ವಿಫಲವಾಗುತ್ತದೆ. ಬೇಸತ್ತವರು ಆ ಸಂಖ್ಯೆಯನ್ನು 100ಕ್ಕೆ ಏರಿಸಿದರೆ, ಕೆಟ್ಟ ಸಾಲುಗಳು ಅಷ್ಟರೊಳಗಿದ್ದಲ್ಲಿ, ಉಳಿದವು ಒಳಸೇರುತ್ತವೆ, ಕೆಟ್ಟವು ಹೊರಗುಳಿಯುತ್ತವೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ.

ಹಾಗೆ ಹೊರಗುಳಿಯುವವರು ಯಾರು? ವಯಸ್ಸಿನ ಅಂಕಣ ಸಂಖ್ಯೆಗೆ ಮಾತ್ರ ಮೀಸಲಾಗಿದ್ದರೆ, '1972ರ ಬರದಾಗ ಲಗ್ನ ಆದಾಕಿ' ಎಂದು ವಯಸ್ಸು ಹೇಳುವ ಅಜ್ಜಿಯ ಸಾಲನ್ನು ಯಂತ್ರ ಒಪ್ಪುವುದಿಲ್ಲ. ಬೀಸುವ ಪದದ ನಾಲ್ಕು ಸಾಲುಗಳನ್ನು ಒಂದೇ ಮನೆಯಲ್ಲಿ ಬರೆದಿದ್ದರೆ ಅದು ನಾಲ್ಕು ತುಂಡಾಗಿ, ಅಂಕಣಗಳು ಹೊಂದದೆ ಬಿದ್ದುಹೋಗಬಹುದು. ಪಠ್ಯಪುಸ್ತಕದ ಪದ, ಸರಿಯಾದ ಜನ್ಮದಿನಾಂಕ, ಒಂದು ಸಾಲಿನ ಅರ್ಥ ಇವಿಷ್ಟೇ ಇರುವ ದಾಖಲೆ ತೊಡಕಿಲ್ಲದೆ ಒಳಸೇರುತ್ತದೆ. ಶಾಲೆ ಕಾಣದ ಹಿರಿಯರ ಕನ್ನಡವೇ ದೋಷವೆನಿಸಿಕೊಳ್ಳುತ್ತದೆ.

ಸಾವಿರಾರು ಸಾಲುಗಳಲ್ಲಿ ಹತ್ತು ಹೋದರೇನು ಎಂದು ಕೇಳಬಹುದು. ಸರಾಸರಿ ಲೆಕ್ಕ ಹಾಕುವವರಿಗೆ ಅದು ಸಲ್ಲಬಹುದು. ಪದಸಂಗ್ರಹಕ್ಕೆ ಸಲ್ಲದು; ಒಂದು ಪದಕ್ಕೆ ಇಡೀ ಪಟ್ಟಿಯಲ್ಲಿ ಒಂದೇ ಸಾಲಿನ ಸಾಕ್ಷಿ ಇರಬಹುದು.

ಪರಿಹಾರ ಕಠಿಣವಲ್ಲ. ವಕ್ತೃಗಳು ಹೇಳಿದ ವಯಸ್ಸಿಗೆ ಪಠ್ಯರೂಪದ ಒಂದು ಅಂಕಣ, ನಮ್ಮ ಅಂದಾಜಿಗೆ ಸಂಖ್ಯೆಯ ಇನ್ನೊಂದು ಅಂಕಣ ಇರಲಿ. ಹಾಡಿನ ಪ್ರತಿ ಸಾಲಿಗೂ ಕ್ರಮಸಂಖ್ಯೆಯೊಡನೆ ಬೇರೆ ದಾಖಲೆ ಇರಲಿ. ದೋಷದ ಮಿತಿಯನ್ನು ಸೊನ್ನೆಯಲ್ಲಿಯೇ ಇಟ್ಟು, ಯಂತ್ರ ತೋರಿಸಿದ ಪ್ರತಿ ದೋಷವನ್ನೂ ಓದಿ ತಿದ್ದಿರಿ. ಕೊನೆಗೆ, ಶೀರ್ಷಿಕೆಯ ಸಾಲನ್ನು ಬಿಟ್ಟು ಕಡತದಲ್ಲಿ ಎಷ್ಟು ಸಾಲುಗಳಿವೆಯೋ ಡೇಟಾಬೇಸಿನಲ್ಲಿಯೂ ಅಷ್ಟೇ ಇವೆಯೇ ಎಂದು ಎಣಿಸಿರಿ. ಆ ಎರಡು ಸಂಖ್ಯೆಗಳು ಒಂದಾಗುವವರೆಗೆ ಕ್ಷೇತ್ರಕಾರ್ಯ ಮುಗಿಯಿತೆಂದು ಯಾವ ಅಧ್ಯಾಪಕರೂ ಸಹಿ ಹಾಕಬಾರದು.